ಮೋಹನಸ್ವಾಮಿ ಯಾವ ಏರಿಯಾದಲ್ಲಿದ್ದ?

ದೊಡ್ಡಬೆಳವಂಗಲದಲ್ಲಿ ನಾವು ಏಳೆಂಟು ಮಂದಿ ಓದುಗರು ಆಗಾಗ ಒಂದೆಡೆ ಸೇರಿ ಯಾವುದಾದರೊಂದು ಪುಸ್ತಕದ ಬಗ್ಗೆ ಮಾತಾಡುವುದುಂಟು. ಇಬ್ಬರು ಮೇಷ್ಟ್ರುಗಳು, ಮಗ್ಗದ ವ್ಯವಹಾರ ನೋಡಿಕೊಳ್ಳುವ ಒಬ್ಬರು, ನಿವೃತ್ತರೊಬ್ಬರು, ಫ್ಯಾಕ್ಟರಿ ಕೆಲಸಕ್ಕೆ ಹೋಗಿಬರುವ ಕೆಲವು ಹುಡುಗರು. ನಮ್ಮ ಸಭೆ ಇಷ್ಟೇ. ಕಳೆದ ಸಲ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವನ್ನು ಕೈಗೆತ್ತಿಕೊಂಡಿದ್ದೆವು. 2013ರಲ್ಲಿ ಬಂದ ಪುಸ್ತಕ. ಇಷ್ಟು ತಡವಾದುದಕ್ಕೆ ಪುಸ್ತಕ ಸಿಗಲಿಲ್ಲವೆಂಬ ನೆಪ ಹೇಳುವಂತಿಲ್ಲ, ನಮ್ಮ ಅಳುಕೇ ಕಾರಣ. ಚರ್ಚೆ ನಿರೀಕ್ಷಿಸಿದಂತೆಯೇ ನಡೆಯಿತು. ಒಬ್ಬರು ಭಾಷೆಯನ್ನು ಮೆಚ್ಚಿದರು, ಒಬ್ಬರು ಲೇಖಕರ ಧೈರ್ಯವನ್ನು ಮೆಚ್ಚಿದರು, ಇನ್ನೊಬ್ಬರು ‘ಇದೆಲ್ಲ ಬರೆಯೋದು ಬೇಕಿತ್ತಾ’ ಎಂದು ಕೇಳಿ ಚಹಾ ಕುಡಿದು ಎದ್ದುಹೋದರು.

ಎಲ್ಲರೂ ಹೋದ ಮೇಲೆ ಕುರ್ಚಿ ಎತ್ತಿಡಲು ಒಬ್ಬ ಹುಡುಗ ಉಳಿದಿದ್ದ. ಸಭೆಯಲ್ಲಿ ತುಟಿ ಬಿಚ್ಚದವನು ಆಗ ಕೇಳಿದ: ‘ಇವ್ನು ಬೆಂಗ್ಳೂರಲ್ಲಿ ಯಾವ ಏರಿಯಾದಲ್ಲಿದ್ದ ಸಾರ್?’

ನಾವು ನಕ್ಕೆವು. ‘ಕತೆ ಕಣಪ್ಪ, ಯಾವ ಏರಿಯಾ ಆದ್ರೇನು’ ಎಂದೆವು.

‘ಅಲ್ಲ ಸಾರ್, ಓನರ್ರು ಅದೇ ಬಿಲ್ಡಿಂಗಲ್ಲಿ ಇದ್ರಾ ಅಂತ...’ ಎಂದವನು ಮಾತು ಮುಗಿಸದೆ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ ಹೊರಟುಹೋದ. ಅವನು ಕೇಳಿದ್ದೇನೆಂದು ನಮಗೆ ಅರ್ಥವಾದದ್ದು ಮಾರನೆಯ ದಿನ. ಅವನ ಬಗ್ಗೆ ಇಲ್ಲಿ ಇದಕ್ಕಿಂತ ಹೆಚ್ಚು ಬರೆಯಲಾಗದು. ಊರು ಚಿಕ್ಕದು, ಗುರುತು ಹಿಡಿಯುವುದು ಸುಲಭ. ಆದರೆ ಅವನ ಪ್ರಶ್ನೆಯನ್ನು ಹಿಡಿದು ಪುಸ್ತಕವನ್ನು ಇನ್ನೊಮ್ಮೆ ಓದಿದೆವು. ನಾವು ಕಂಡ ಯಾವ ವಿಮರ್ಶೆಯಲ್ಲೂ ಈ ಪ್ರಶ್ನೆ ಇರಲಿಲ್ಲ. ನಮ್ಮ ಚರ್ಚೆಯಲ್ಲೂ ಇರಲಿಲ್ಲ. ವಿಮರ್ಶೆ ಎಂದು ನಾವು ಮಾಡುವ ಕೆಲಸದಲ್ಲಿ ಎಲ್ಲೋ ಒಂದು ಕೊರತೆಯಿದೆ ಎಂಬುದಕ್ಕೆ ಇಷ್ಟು ಸಾಕು.

ಮೋಹನಸ್ವಾಮಿ ಸಣ್ಣ ಊರಿನಿಂದ ಬಂದವನು, ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು. ‘ಕಗ್ಗಂಟು’ ಕತೆಯಲ್ಲಿ ಅವನ ಜೊತೆ ಒಂದೇ ಸೂರಿನಡಿ ಬಾಳಿದ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಿ ಹೊರಟುಹೋಗುತ್ತಾನೆ. ಈ ಕತೆ ಮೊದಲು ಪ್ರಕಟವಾದಾಗ ಅದರ ಮೇಲೆ ವಸುಧೇಂದ್ರರ ಹೆಸರಿರಲಿಲ್ಲ, ಬೇರೊಂದು ಹೆಸರಿತ್ತು. ಆಗಲೇ ಓದುಗರ ಪ್ರೀತಿ ಗಳಿಸಿದ್ದ, ಎರಡು ದಶಕ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ದುಡಿದ ಲೇಖಕರೇ ಹೀಗೆ ಇನ್ನೊಂದು ಹೆಸರಿನ ಮರೆಯಲ್ಲಿ ನಿಂತು ನೋಡಿ, ಆಮೇಲೆ ಸಂಕಲನದೊಡನೆ ತಮ್ಮ ಹೆಸರಿನಲ್ಲಿ ಮುಂದೆ ಬಂದರು. ಕನ್ನಡದಲ್ಲಿ ಸಲಿಂಗಪ್ರೇಮವನ್ನು ಹಾಸ್ಯದ ಸರಕಾಗಿಸದೆ, ರೋಗವಾಗಿಸದೆ, ಒಬ್ಬ ಮನುಷ್ಯನ ಹಗಲು ರಾತ್ರಿಗಳಾಗಿ ಬರೆದ ಪುಸ್ತಕ ಇದು. ಈ ಮಾತನ್ನು ಹಿಂದೆಗೆದುಕೊಳ್ಳುವ ಪ್ರಶ್ನೆಯೇ ಇಲ್ಲ.

ಆದರೂ ಎರಡನೆಯ ಓದಿನಲ್ಲಿ ನಮಗೆ ಕಂಡದ್ದು ಬೇರೆ. ಈ ಕತೆಗಳಲ್ಲಿ ಮನೆಯ ಒಳಗು ನೆನಪಿನಲ್ಲಿ ಉಳಿಯುತ್ತದೆ, ಬಾಗಿಲಾಚೆಯ ಬೀದಿ ಅಷ್ಟಾಗಿ ಉಳಿಯುವುದಿಲ್ಲ. ನೋವೆಲ್ಲ ಇಬ್ಬರ ನಡುವಿನದು, ಇಲ್ಲವೇ ಒಬ್ಬನ ಮನಸ್ಸಿನೊಳಗಿನದು. ಬಾಗಿಲು ಹಾಕಿಕೊಳ್ಳುವ ಹಕ್ಕು ಮೋಹನಸ್ವಾಮಿಗೆ ಹೇಗೋ ದಕ್ಕಿದೆ ಎಂದುಕೊಂಡೇ ಓದುತ್ತೇವೆ. ಸಂಕಲನದ ‘ತುತ್ತತುದಿಯಲಿ ಮೊತ್ತಮೊದಲು’ ಕತೆಯಲ್ಲಿ ಅವನು ಆಫ್ರಿಕಾದ ಕಿಲಿಮಂಜಾರೊ ಹತ್ತುತ್ತಾನೆ. 5,895 ಮೀಟರ್ ಎತ್ತರದ ಆ ತುದಿ ಅವನ ಪಾಲಿಗೆ ಬಿಡುಗಡೆಯ ಜಾಗ. ಮೊದಲ ಓದಿನಲ್ಲಿ ಈ ಕತೆಯ ಏರುಗತಿ ನಮ್ಮನ್ನು ಮುಟ್ಟಿತ್ತು. ಹುಡುಗನ ಪ್ರಶ್ನೆಯ ನಂತರ ಓದಿದಾಗ ಅನ್ನಿಸಿದ್ದು: ಉಸಿರಾಡಲು ತಾಂಜಾನಿಯಾದ ಬೆಟ್ಟದವರೆಗೆ ಹೋಗಬೇಕಾಯಿತಲ್ಲ, ರಾಜಾಜಿನಗರದಲ್ಲೋ ಯಲಹಂಕದಲ್ಲೋ ಒಂದು ಅಡ್ಡರಸ್ತೆ ಸಿಗಲಿಲ್ಲವೇ?

ಹಳ್ಳಿಯಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಇಲ್ಲಿ ಯಾರೂ ಏರಿಯಾ ಆರಿಸಿಕೊಳ್ಳುವುದಿಲ್ಲ. ಹುಟ್ಟಿದ ಕೇರಿಯೇ ವಿಳಾಸ. ನಮ್ಮ ಹೋಬಳಿಯ ಯಾವ ಊರಿಗಾದರೂ ಹೋಗಿ ಬೀದಿಗಳ ಹೆಸರು ಕೇಳಿದರೆ ಜಾತಿಗಳ ಪಟ್ಟಿ ಸಿಗುತ್ತದೆ. ನಗರಕ್ಕೆ ಹೋಗುವುದೆಂದರೆ ಈ ಪಟ್ಟಿಯಿಂದ ಹೆಸರು ಹೊಡೆಸಿಕೊಳ್ಳುವುದು ಎಂದು ನಂಬಿದ ತಲೆಮಾರುಗಳುಂಟು. ದೊಡ್ಡಬಳ್ಳಾಪುರದ ಕಡೆಯಿಂದ ಹೋದರೆ ಯಲಹಂಕ, ದಾಬಸ್‌ಪೇಟೆಯ ಕಡೆಯಿಂದ ತುಮಕೂರು ರಸ್ತೆ ಹಿಡಿದರೆ ಪೀಣ್ಯ. 2024ರ ನವೆಂಬರಿನಿಂದ ಮೆಟ್ರೊ ಮಾದಾವರದವರೆಗೂ ಬಂದಿದೆ. ಬೆಂಗಳೂರು ನಮಗೆ ದೂರವಲ್ಲ. ಆ ಹತ್ತಿರವೇ ಈ ಹುಡುಗನಂಥವರಿಗೆ ತೊಡಕು. ನಮ್ಮೂರಿನವರೊಬ್ಬರಾದರೂ ಪೀಣ್ಯದಲ್ಲಿದ್ದಾರೆ, ದಾಸರಹಳ್ಳಿಯಲ್ಲಿದ್ದಾರೆ, ಭಾನುವಾರ ಊರಿಗೆ ಬಂದು ಸುದ್ದಿ ಹೇಳುತ್ತಾರೆ. ಸಂಡೂರಿನಿಂದಲೋ ಬೀದರಿನಿಂದಲೋ ಬಂದವನಿಗೆ ಬೆಂಗಳೂರು ಕೊಡುವ ಅನಾಮಿಕತೆಯನ್ನು ಅದು ದೊಡ್ಡಬೆಳವಂಗಲದವನಿಗೆ ಕೊಡುವುದಿಲ್ಲ. ಅವನು ನಗರದೊಳಗೆ ಇನ್ನಷ್ಟು ದೂರ ಹೋಗಬೇಕು. ದೂರ ಹೋದಷ್ಟೂ ಬಾಡಿಗೆ ಹೆಚ್ಚು.

ಬೆಂಗಳೂರಿನ ‘ಟು ಲೆಟ್’ ಬೋರ್ಡು ತನ್ನದೇ ಆದ ಒಂದು ಸಾಹಿತ್ಯ ಪ್ರಕಾರ. ‘ಫ್ಯಾಮಿಲಿಗೆ ಮಾತ್ರ’, ‘ಸಸ್ಯಾಹಾರಿಗಳಿಗೆ ಮಾತ್ರ’, ಬ್ರೋಕರಿನ ನಂಬರು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸು ಕೇಳುವ ರೂಢಿ, ಹನ್ನೊಂದು ತಿಂಗಳ ಕರಾರು ಪತ್ರ. ವಿಚಿತ್ರವೆಂದರೆ ಇಬ್ಬರು ಗಂಡಸರು ಒಟ್ಟಿಗೆ ಮನೆ ಕೇಳಿದರೆ ಈ ನಗರಕ್ಕೆ ಅನುಮಾನವಿಲ್ಲ. ಮದುವೆಯಾಗದ ಗಂಡು ಹೆಣ್ಣಿಗಾದರೆ ನೂರು ಪ್ರಶ್ನೆ. ಗಂಡಸರಿಬ್ಬರಾದರೆ ‘ಬ್ಯಾಚುಲರ್ಸಾ? ಕುಡಿಯೋ ಹಾಗಿಲ್ಲ’ ಎಂಬಲ್ಲಿಗೆ ಮುಗಿಯಿತು. ಕಾಣಿಸದಿರುವುದೇ ಅವರಿಗಿರುವ ಸೌಕರ್ಯ. ಈ ಸೌಕರ್ಯಕ್ಕೆ ವಯಸ್ಸಿನ ಗಡುವಿದೆ. ಮೂವತ್ತರವರೆಗೆ ಗೆಳೆಯರು, ಕಸಿನ್ನುಗಳು, ಒಂದೇ ಊರಿನವರು. ಮೂವತ್ತೈದಕ್ಕೆ ಓನರ ಹೆಂಡತಿ ‘ಇನ್ನೂ ಮದ್ವೆ ಆಗ್ಲಿಲ್ವಾ’ ಎನ್ನುತ್ತಾರೆ. ನಲವತ್ತಕ್ಕೆ ಅವರು ಕೇಳುವುದನ್ನು ನಿಲ್ಲಿಸಿದರೆ ಮನೆ ಖಾಲಿ ಮಾಡುವ ಕಾಲ ಬಂತೆಂದೇ ಅರ್ಥ. ‘ಕಗ್ಗಂಟು’ ಕತೆಯ ದುಃಖ ಬರೀ ಪ್ರೇಮಭಂಗದ್ದಲ್ಲ. ಕಾರ್ತಿಕ್ ಮದುವೆಯಾದೊಡನೆ ‘ಫ್ಯಾಮಿಲಿ’ ಆಗುತ್ತಾನೆ, ಯಾವ ಬೋರ್ಡಿನ ಮುಂದೆಯೂ ತಲೆಯೆತ್ತಿ ನಿಲ್ಲಬಲ್ಲ. ಉಳಿದವನು ಅದೇ ಮನೆಯಲ್ಲಿ, ಅದೇ ಸಂಬಳದಲ್ಲಿ, ಒಂದು ಮೆಟ್ಟಿಲು ಕೆಳಗಿಳಿಯುತ್ತಾನೆ. ನಮ್ಮ ವಿಮರ್ಶೆ ಈ ಇಳಿತವನ್ನು ಗಮನಿಸಬೇಕಿತ್ತು.

ಹಣವಿದ್ದವರಿಗೆ ಬೇರೆ ದಾರಿಯಿದೆ ಎಂದು ಹೇಳುವುದುಂಟು. ಅರ್ಧ ನಿಜ. ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿರುವುದಿಲ್ಲ, ನಿಜ. ಆದರೆ ಗೇಟಿನಲ್ಲಿ ಬಂದವರ ಹೆಸರು, ಫೋನ್ ನಂಬರು, ಒಳಹೋದ ಹೊತ್ತು, ಹೊರಬಂದ ಹೊತ್ತು ಎಲ್ಲವೂ ಆ್ಯಪಿನಲ್ಲಿ ದಾಖಲಾಗುತ್ತದೆ. ಹಳೆಯ ವಠಾರದಲ್ಲಿ ನಲ್ಲಿಯ ಬಳಿ ಕೂತ ಅಜ್ಜಿ ನೋಡುತ್ತಿದ್ದಳು, ಮರೆಯುತ್ತಲೂ ಇದ್ದಳು. ಕ್ಯಾಮೆರಾ ಮರೆಯುವುದಿಲ್ಲ.

ಈ ಪತ್ರಿಕೆಯ ಓದುಗರಲ್ಲಿ ಅನೇಕರಿಗೆ ಟು ಲೆಟ್ ಬೋರ್ಡಿನ ಕತೆ ಹೊಸದಲ್ಲ. ಫೋನಿನಲ್ಲಿ ಖಾಲಿಯಿದ್ದ ಮನೆ ಹೆಸರು ಹೇಳಿದೊಡನೆ ‘ಇದೀಗ ಆಗೋಯ್ತು’ ಎನ್ನಿಸಿಕೊಳ್ಳುವ ಅನುಭವ ನಮ್ಮಲ್ಲಿ ಎಷ್ಟು ಮಂದಿಗಿಲ್ಲ? ಮುಸ್ಲಿಮರು ಬಾಡಿಗೆಗೆ, ಖರೀದಿಗೆ ಮನೆ ಪಡೆಯಲು ಪಡುವ ಪಾಡನ್ನು 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿತು. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಲಿನ ನಗರಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ದಲಿತರಿಗೂ ಮುಸ್ಲಿಮರಿಗೂ ಬಾಗಿಲು ಹೇಗೆ ಮುಚ್ಚುತ್ತದೆಂದು ತೋರಿಸಿತು. ಇನ್ನೂ ಹಿಂದಕ್ಕೆ ಹೋದರೆ 1917ರ ಬರೋಡಾ. ವಿದೇಶದಲ್ಲಿ ಓದಿ ಬಂದ ಅಂಬೇಡ್ಕರರಿಗೆ ಊರಲ್ಲಿ ಕೋಣೆ ಸಿಗದೆ, ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರ ಗುಂಪು ಬಂದು ಹೊರಹಾಕಿತು. ಹಿಂದೂ ಗೆಳೆಯ, ಕ್ರೈಸ್ತ ಗೆಳೆಯ ಇಬ್ಬರೂ ತಮ್ಮ ಮನೆಗೆ ಕರೆಯಲು ಹಿಂಜರಿದರು. ಕೊನೆಗೆ ಅವರು ಕಾಮಾಠಿ ಬಾಗ್ ಎಂಬ ಉದ್ಯಾನದಲ್ಲಿ ಹೊತ್ತು ಕಳೆದು ರಾತ್ರಿಯ ರೈಲಿಗೆ ಮುಂಬಯಿಗೆ ಹಿಂದಿರುಗಿದರು. ಬೇರೆ ಹೆಸರು ಹೇಳಿ ಸೂರು ಪಡೆಯುವುದು, ಗುರುತು ಬಯಲಾದಾಗ ಉದ್ಯಾನವನಕ್ಕೆ ಬಂದು ಕೂರುವುದು: ನಮ್ಮ ನಗರಗಳ ಒಳಚರಿತ್ರೆಯಲ್ಲಿ ಇದು ಎಷ್ಟು ಬಾರಿ ಮರಳಿ ಬರುತ್ತದೆ! ಬೆಂಗಳೂರಿನ ಸಲಿಂಗಿಗಳ ಬದುಕಿನಲ್ಲಿ ಕಬ್ಬನ್ ಪಾರ್ಕಿನ ಪಾತ್ರ ಬಲ್ಲವರಿಗೆ ಆ ಬರೋಡಾದ ಬೆಂಚು ಅಪರಿಚಿತವೆನಿಸದು.

ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ಬಾಡಿಗೆ ಮನೆ ಸಿಗದ ಮುಸ್ಲಿಂ ಯುವಕ ಸಂಜೆ ತನ್ನ ತಾಯಿಗೆ ಫೋನು ಮಾಡಿ ಹೇಳಿಕೊಳ್ಳಬಹುದು. ಆಕೆ ಓನರನ್ನು ಶಪಿಸುತ್ತಾಳೆ, ಮಗನನ್ನಲ್ಲ. ಅವನಿಗೆ ಮೊಹಲ್ಲಾ ಇದೆ. ಇಕ್ಕಟ್ಟಿನದಾದರೂ, ಚರಂಡಿ ಸರಿಯಿಲ್ಲದ್ದಾದರೂ ಶಿವಾಜಿನಗರವೋ ಟ್ಯಾನರಿ ರಸ್ತೆಯೋ ಅವನನ್ನು ಹೆಸರು ಕೇಳಿ ಒಳಗೆ ಬಿಟ್ಟುಕೊಳ್ಳುತ್ತದೆ. ಸಲಿಂಗಿಯಾದವನಿಗೆ ಮೊದಲು ಮನೆ ಖಾಲಿ ಮಾಡೆನ್ನುವ ಓನರು ಅನೇಕ ವೇಳೆ ಅವನ ತಂದೆಯೇ. ಅವನು ಮುಸ್ಲಿಮನೂ ಆಗಿದ್ದರೆ? ಆಗ ಊರೆಲ್ಲ ಹೆಸರಿಗಾಗಿ ದೂರವಿಡುತ್ತದೆ, ಹೆಸರಿಗಾಗಿ ಸೇರಿಸಿಕೊಂಡ ಮೊಹಲ್ಲಾ ಇನ್ನೊಂದಕ್ಕಾಗಿ ದೂರವಿಡುತ್ತದೆ. ಇದನ್ನು ನಮ್ಮ ಪುಟಗಳಲ್ಲಿ ಹೇಳಲು ಮುಜುಗರವಾಗುತ್ತದೆಂದು ಹೇಳದೆ ಬಿಡಲಾಗದು. ಧರ್ಮಶಾಸ್ತ್ರದ ತೀರ್ಪೇನು ಎಂಬುದು ಬೇರೆ ಚರ್ಚೆ, ಅದನ್ನು ಬಲ್ಲವರು ನಡೆಸಲಿ. ನಮ್ಮ ಮುಂದಿರುವುದು ಒಬ್ಬನ ತಲೆಯ ಮೇಲಿನ ಸೂರಿನ ಮಾತು. ನಮಗೆ ಬಾಗಿಲು ಹಾಕಿದಾಗ ಅನ್ಯಾಯವೆನ್ನುವ ನಾವು, ನಮ್ಮ ಬಾಗಿಲ ಬಳಿ ನಿಂತವನಿಗೆ ಬೇರೆ ನ್ಯಾಯ ಹೇಳುವುದು ಹೇಗೆ?

ಅಮೆರಿಕದ ಕತೆ ಓದಿದವರು ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಸ್ಟ್ರೊ ಬಡಾವಣೆಯ ಉದಾಹರಣೆ ಕೊಡುತ್ತಾರೆ. ಐರಿಷ್ ಮೂಲದ ಕಾರ್ಮಿಕ ಕುಟುಂಬಗಳು ಉಪನಗರಗಳಿಗೆ ಹೊರಟ ಮೇಲೆ ಅಗ್ಗವಾದ ಹಳೆಯ ಮನೆಗಳನ್ನು 1970ರ ದಶಕದಲ್ಲಿ ಸಲಿಂಗಿ ಪುರುಷರು ಹಿಡಿದರು, ರಿಪೇರಿ ಮಾಡಿದರು, ಅಂಗಡಿ ಇಟ್ಟರು. ಅಲ್ಲಿ ಕ್ಯಾಮೆರಾ ಅಂಗಡಿ ನಡೆಸುತ್ತಿದ್ದ ಹಾರ್ವಿ ಮಿಲ್ಕ್ 1977ರಲ್ಲಿ ನಗರಾಡಳಿತಕ್ಕೆ ಆಯ್ಕೆಯಾದರು, ಮರುವರ್ಷ ನವೆಂಬರಿನಲ್ಲಿ ಕೊಲೆಯಾದರು. ಒಂದು ಬಡಾವಣೆ ಮತಕ್ಷೇತ್ರವಾಗಿ, ಶಕ್ತಿಯಾಗಿ ಬೆಳೆದ ಬಗೆಯನ್ನು ಸಮಾಜಶಾಸ್ತ್ರಜ್ಞ ಮ್ಯಾನ್ಯುಯೆಲ್ ಕ್ಯಾಸ್ಟೆಲ್ಸ್ 1983ರಲ್ಲೇ ಬರೆದರು. ಆಮೇಲೆ ರಿಚರ್ಡ್ ಫ್ಲೊರಿಡಾ ಎಂಬವರು ಸಲಿಂಗಿಗಳು ಹೆಚ್ಚಿರುವ ನಗರ ಏಳಿಗೆಯಾಗುತ್ತದೆಂದು ಸೂಚ್ಯಂಕವನ್ನೇ ಮಾಡಿದರು. ಚೆನ್ನಾಗಿದೆ. ಆದರೆ ಅಂಥ ಏಳಿಗೆಯಾದ ಮೇಲೆ ಬಾಡಿಗೆ ಏರಿ, ಮೊದಲು ಬಂದ ಬಡವರೇ ಅಲ್ಲಿ ಉಳಿಯಲಾರದೆ ಹೋದರು ಎಂಬುದೂ ಅದೇ ಕತೆಯ ಭಾಗ. ಬೆಂಗಳೂರಿನಲ್ಲಿ ಅಂಥ ಬಡಾವಣೆಯಿಲ್ಲ. ಇಂದಿರಾನಗರ, ಕೋರಮಂಗಲಗಳಲ್ಲಿ ಇಂಗ್ಲಿಷ್ ಬಲ್ಲವರಿಗೆ ಸ್ವಲ್ಪ ಸಲೀಸು ಎನ್ನುತ್ತಾರೆ. ಅದು ಸಂಬಳದ ಸಲೀಸು. ಕನ್ನಡ ಮಾತ್ರ ಬಲ್ಲ ಹುಡುಗನಿಗೆ ಅಲ್ಲಿ ಗಾರ್ಡಿನ ಕುರ್ಚಿ ಸಿಗಬಹುದು.

ಬೆಂಗಳೂರಿನ ನಿಜವಾದ ಉದಾಹರಣೆ ಇರುವುದು ಬೇರೆ ಕಡೆ. ಎ. ರೇವತಿಯವರ ಆತ್ಮಕತೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂದಿದೆ. ತಮಿಳುನಾಡಿನ ಹಳ್ಳಿಯಿಂದ ದೆಹಲಿ, ಮುಂಬಯಿ ಸುತ್ತಿ ಬೆಂಗಳೂರಿನ ಹಮಾಮಿಗೆ ಬಂದ ಹಿಜಡಾ ಒಬ್ಬರ ಕತೆ ಅದು. ಹಮಾಮು ಎಂದರೆ ಸೌದೆಯೊಲೆಯಲ್ಲಿ ಕಾಯಿಸಿದ ನೀರಿನ ಸ್ನಾನದ ಮನೆ. ಅದನ್ನು ನಡೆಸುತ್ತಿದ್ದವರು ಹಿಜಡಾಗಳು, ಅವರ ವಾಸ, ದುಡಿಮೆ, ಗುರು-ಚೇಲಾ ಸಂಬಂಧ ಎಲ್ಲ ಅಲ್ಲೇ. ಅದನ್ನು ವೈಭವೀಕರಿಸಬೇಕಿಲ್ಲ. ಅಲ್ಲಿ ಲೈಂಗಿಕ ದುಡಿಮೆಯಿತ್ತು, ಪೊಲೀಸರ, ರೌಡಿಗಳ ಹಿಂಸೆಯಿತ್ತು. ಪಿಯುಸಿಎಲ್ ಕರ್ನಾಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ಬಗ್ಗೆ, 2003ರಲ್ಲಿ ಹಿಜಡಾ ಮತ್ತು ಕೋತಿ ಸಮುದಾಯಗಳ ಬಗ್ಗೆ ಹೊರತಂದ ವರದಿಗಳಲ್ಲಿ ಈ ವಿವರಗಳಿವೆ. ಆದರೂ ಬೆಂಗಳೂರಿನಲ್ಲಿ ಈ ಜನ ತಮ್ಮದೆಂದು ಬಾಗಿಲು ಹಾಕಿಕೊಂಡ ಮೊದಲ ಸೂರುಗಳಲ್ಲಿ ಅದೂ ಒಂದು. ‘ಮೋಹನಸ್ವಾಮಿ’ಯನ್ನೂ ‘ಬದುಕು ಬಯಲು’ವನ್ನೂ ಒಟ್ಟಿಗೆ ಓದಬೇಕೆಂದು ನಾವು ಹೇಳುವುದು ಇದಕ್ಕೇ. ಒಂದರಲ್ಲಿ ಮನೆಯಿದೆ, ಬೀದಿಯಿಲ್ಲ. ಇನ್ನೊಂದರಲ್ಲಿ ಬೀದಿಯೇ ಎಲ್ಲ. ರೇವತಿಯವರದು ಗೇ ಪುರುಷನ ಕತೆಯಲ್ಲ, ಎರಡನ್ನೂ ಕಲಸಬಾರದು. ಆದರೆ ನಮ್ಮ ಹೋಬಳಿಯ ಹುಡುಗನ ಜೇಬಿಗೂ ಭಾಷೆಗೂ ಹತ್ತಿರವಿರುವುದು ಅವರ ಬೆಂಗಳೂರೇ. 2008ರ ಜೂನಿನಲ್ಲಿ ಬೆಂಗಳೂರಿನಲ್ಲಿ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಗಿರಿನಗರದಲ್ಲಿ ಐವರು ಹಿಜಡಾಗಳನ್ನೂ ಅವರ ನೆರವಿಗೆ ಹೋದ ಕಾರ್ಯಕರ್ತರನ್ನೂ ಪೊಲೀಸರು ಬಂಧಿಸಿದರು. ನಗರ ಒಂದೇ, ವರ್ಷ ಒಂದೇ.

ಕಾನೂನು ಬದಲಾಗಿದೆಯಲ್ಲ ಎನ್ನಬಹುದು. ‘ಮೋಹನಸ್ವಾಮಿ’ ಬಂದ ವರ್ಷವೇ, 2013ರ ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟು 377ನೇ ಸೆಕ್ಷನ್ನನ್ನು ಎತ್ತಿಹಿಡಿದಿತ್ತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟು ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದಿತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ನೇ ಇಲ್ಲ. ಜೈಲಿನ ಭಯ ಹೋಯಿತು. ಬಾಡಿಗೆ ಮನೆ ಮಾತ್ರ ಈ ತೀರ್ಪುಗಳ ಕೈಗೆ ಸಿಗುವುದಿಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಬಾಗಿಲು ತೆರೆಯಿಸಿತು, ಖಾಸಗಿ ಓನರನ ಮಹಡಿ ಮನೆಯ ಹೆಸರು ಅಲ್ಲಿಲ್ಲ. 2005ರಲ್ಲಿ ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘವೊಂದರ ಮೊಕದ್ದಮೆಯಲ್ಲಿ, ತಮ್ಮ ಸಮುದಾಯದವರಿಗೆ ಮಾತ್ರ ಸದಸ್ಯತ್ವವೆಂಬ ಬೈಲಾವನ್ನು ಸುಪ್ರೀಂ ಕೋರ್ಟು ಒಪ್ಪಿತು. ಬರೋಡಾದ ಕತೆಯ ನಂತರ ಇದನ್ನು ಹೇಳುವಾಗ ಪಾರ್ಸಿಗಳನ್ನು ದೂರುವುದು ನಮ್ಮ ಉದ್ದೇಶವಲ್ಲ, ಆ ಹಿಂದೂ ಮತ್ತು ಕ್ರೈಸ್ತ ಗೆಳೆಯರನ್ನೂ ಮರೆತಿಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆ ವಾಸಿಸುವ, ಬಾಡಿಗೆಗೆ ಪಡೆಯುವ ಹಕ್ಕಿನಲ್ಲಿ ತಾರತಮ್ಯ ಕೂಡದೆಂದು ಬರೆಯಿತು. ಗೇ ಪುರುಷರಿಗೆ ಅಂಥ ಒಂದು ಸಾಲೂ ಯಾವ ಕಾಯ್ದೆಯಲ್ಲೂ ದಕ್ಕಲಿಲ್ಲ. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕಿನ ಅರ್ಜಿಗಳು ಬಿದ್ದುಹೋದವು. ಮರುವರ್ಷ ಕೇಂದ್ರ ಸರ್ಕಾರ ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಪಡಿತರ ಚೀಟಿಗೆ ಒಂದೇ ಮನೆಯವರೆಂದು ಪರಿಗಣಿಸಬಹುದು ಎಂದಿತು. ಅಂದರೆ ಅಕ್ಕಿ ಕೊಡುವವರಿಗೆ ಅವರು ಒಂದೇ ಮನೆಯವರು. ಆ ಅಕ್ಕಿ ಬೇಯಿಸುವ ಮನೆ ಕೊಡುವವರಿಗೆ ಇನ್ನೂ ‘ಫ್ಯಾಮಿಲಿ’ ಅಲ್ಲ.

ಇಷ್ಟನ್ನೂ ಓದಿಕೊಂಡು ಹುಡುಗನನ್ನು ಕರೆದು ಮಾತಾಡಿದೆವು. ಮೆಟ್ರೊ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರ, ಹೊರಗಿನಿಂದ ಮೆಟ್ಟಿಲು, ಓನರು ಬೇರೆ ಕಡೆ ಇರುವ ಕಟ್ಟಡ, ಕೆಳಗೆ ಅಂಗಡಿಗಳಿದ್ದರೆ ಒಳ್ಳೆಯದು, ನಮ್ಮೂರವರು ಕಡಿಮೆ ಇರುವ ಕಡೆ. ನಾವು ಹೇಳಿದ್ದರಲ್ಲಿ ಅವನಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಅವನಾಗಲೇ ಆರು ಮನೆ ನೋಡಿ ಬಂದಿದ್ದ. ಅಡ್ವಾನ್ಸಿಗೆ ಹಣ ಹೊಂದಿಸುವುದೊಂದೇ ಬಾಕಿ, ಅದರಲ್ಲಿ ಅರ್ಧವನ್ನು ಅಪ್ಪನೇ ಕೊಡುತ್ತಾರಂತೆ. ಮದುವೆಗೆ ಮುಂಚೆ ಹುಡುಗ ಒಂದು ನೆಲೆ ಮಾಡಿಕೊಳ್ಳಲಿ ಎಂದು.

ಈಗ ಅವನು ಆ ಮನೆಯಲ್ಲಿದ್ದಾನೆ. ನಮ್ಮ ಪುಸ್ತಕವನ್ನು ಇನ್ನೂ ವಾಪಸು ಕೊಟ್ಟಿಲ್ಲ. ಮೊನ್ನೆ ಫೋನಿನಲ್ಲಿ ಕೇಳಿದ, ‘ಶೆಲ್ಫ್ ಮೇಲೆ ಇಟ್ಟಿದೀನಿ ಸಾರ್. ಒಂದನೇ ತಾರೀಕು ಓನರ್ರು ಬಾಡಿಗೆಗೆ ಬಂದಾಗ ಒಳಗೆ ಕೂರ್ತಾರೆ. ಅವತ್ತು ಒಂದಿನ ಟ್ರಂಕಿಗೆ ಹಾಕ್ಲಾ?’